ಹಂಪಿಯಲ್ಲಿ ನಾಲ್ಕು ದಿನ, ಮೂರು ರೋಲು

ಮೊದಲ ದಿನ: ದಾವಣಗೆರೆಯಿಂದ ಹೇಮಕೂಟಕ್ಕೆ

ನನ್ನ ಬಳಿ ಹಂಪಿಯ ಮೂರು ಹಳೆಯ ಫೋಟೋಗಳಿವೆ. ಎರಡು 1979ರಲ್ಲಿ ಕಾಲೇಜಿನ ಪ್ರವಾಸಕ್ಕೆ ಹೋದಾಗ ಗೆಳೆಯನಿಂದ ಎರವಲು ಪಡೆದ ಆಗ್ಫಾ ಕ್ಲಿಕ್ ಕ್ಯಾಮೆರಾದಲ್ಲಿ ತೆಗೆದವು. ಒಂದು, 1994ರಲ್ಲಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗ ನನ್ನದೇ ನಿಕಾನ್ ಎಫ್‌ಎಂ2ನಲ್ಲಿ ತೆಗೆದದ್ದು. ಇವನ್ನು ಒಂದು ಲಕೋಟೆಯಲ್ಲಿಟ್ಟು, ಅವುಗಳ ಜೊತೆಗೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೈನ್ಯದ ಅಧಿಕಾರಿ 1856ರಲ್ಲಿ ತೆಗೆದ ಹಂಪಿಯ ಕೆಲವು ಚಿತ್ರಗಳ ಪ್ರತಿಗಳನ್ನೂ ಸೇರಿಸಿಕೊಂಡು, ಅವರು ನಿಂತಲ್ಲಿ ಮತ್ತು ನಾನು ನಿಂತಲ್ಲಿ ಮತ್ತೊಮ್ಮೆ ನಿಂತು ನೋಡಬೇಕೆಂದು ಡಿಸೆಂಬರ್ ಮಧ್ಯದಲ್ಲಿ ಹೊರಟೆ. ಮೂವತ್ತೊಂದು ವರ್ಷ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನಿಗೆ ಇಷ್ಟು ನೆಪ ಸಾಕು. ‘ನಿಮ್ಮ ಜೊತೆ ಬಂದರೆ ಒಂದು ಕಲ್ಲಿನ ಮುಂದೆ ಅರ್ಧ ದಿನ ಕೂರಬೇಕು’ ಎಂದು ತಿಳಿದೂ ನನ್ನ ಶ್ರೀಮತಿ ಜೊತೆಗೆ ಬಂದಳು.

ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ದಾಟುವವರೆಗೆ ರಸ್ತೆಯ ಎರಡೂ ಬದಿಗೆ ಕೊಯ್ಲಾದ ಮೆಕ್ಕೆಜೋಳದ ಹೊಲಗಳು. ಕೆಲವು ಕಡೆ ರೈತರು ರಸ್ತೆಯ ಅಂಚಿನಲ್ಲೇ ಕಾಳು ಒಣಹಾಕಿದ್ದರಿಂದ ಬಸ್ಸು ಹಳದಿ ಹಾಸಿನ ಪಕ್ಕದಲ್ಲಿ ಮೆಲ್ಲಗೆ ಸಾಗುತ್ತಿತ್ತು. ಮರಿಯಮ್ಮನಹಳ್ಳಿಯ ಹತ್ತಿರ ತುಂಗಭದ್ರಾ ಜಲಾಶಯದ ಹಿನ್ನೀರು ಕಣ್ಣಿಗೆ ಬಿದ್ದಾಗ ಕಿಟಕಿಯಿಂದಲೇ ಒಂದು ಫೋಟೋ ತೆಗೆಯುವ ಆಸೆಯಾಯಿತು. ಆದರೆ ಈಗ ಒಂದು ಕಪ್ಪುಬಿಳುಪು ಫಿಲ್ಮ್ ರೋಲಿನ ಬೆಲೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿರುವುದರಿಂದ, ಬಸ್ಸಿನ ಗಾಜಿನ ಮೂಲಕ ತೆಗೆಯುವ ಚಪಲವನ್ನು ನಾನು ಎಂದೋ ಬಿಟ್ಟಿದ್ದೇನೆ.

ಹೊಸಪೇಟೆಯ ಬಸ್ ನಿಲ್ದಾಣದ ಪಕ್ಕದಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು, ಕಮಲಾಪುರದಲ್ಲಿ ಕೋಣೆ ಹಿಡಿದೆವು. ಬೆಳಗಿನ ಬೆಳಕಿಗಾಗಿ ಹೋಗುವವರಿಗೆ ಹೊಸಪೇಟೆಗಿಂತ ಕಮಲಾಪುರವೇ ಅನುಕೂಲ. ನಸುಕಿನಲ್ಲಿ ಆಟೋ ಹುಡುಕುತ್ತ ಕಳೆಯುವ ಮುಕ್ಕಾಲು ಗಂಟೆ ಉಳಿಯುತ್ತದೆ. ಕೋಣೆಯಲ್ಲಿ ಅವಸರದಿಂದ ಕ್ಯಾಮೆರಾಕ್ಕೆ ರೋಲು ಹಾಕಿ, ನಾಲ್ಕೂವರೆಗೆ ಹೇಮಕೂಟವನ್ನು ಹತ್ತಿದೆವು. ಈ ‘ಅವಸರದಿಂದ’ ಎಂಬ ಪದವನ್ನು ಓದುಗರು ನೆನಪಿನಲ್ಲಿಡಬೇಕು.

ಹೇಮಕೂಟದ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ಮೆಲ್ಲಗೆ ಬಿಟ್ಟುಕೊಡುತ್ತದೆ. ಕುಳಿತರೆ ಡಿಸೆಂಬರಿನಲ್ಲೂ ಬೆಚ್ಚಗಿರುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ಅಲ್ಲಿ ನೂರಾರು ಜನ ಫೋನು ಎತ್ತಿ ಪಶ್ಚಿಮಕ್ಕೆ ತಿರುಗಿ ನಿಲ್ಲುತ್ತಾರೆ. ನನ್ನ ಅನುಭವದಲ್ಲಿ ಆ ಹತ್ತು ನಿಮಿಷ ನೋಡಬೇಕಾದದ್ದು ಈಶಾನ್ಯಕ್ಕೆ: ವಿರೂಪಾಕ್ಷನ ಗೋಪುರದ ಮೇಲೆ ಬೆಳಕು ಅಂತಸ್ತು ಅಂತಸ್ತಾಗಿ ಮೇಲೇರಿ, ಕೊನೆಗೆ ಕಳಸದ ಮೇಲೆ ನಿಂತು ಆರುತ್ತದೆ. ಹದಿನಾಲ್ಕು ಫೋಟೋ ತೆಗೆದೆ. ಪಕ್ಕದಲ್ಲಿ ಕುಳಿತಿದ್ದ ಗಂಗಾವತಿಯ ಹುಡುಗನೊಬ್ಬ ಕ್ಯಾಮೆರಾದ ಹಿಂಬದಿಯನ್ನು ನೋಡಿ, ‘ಅಂಕಲ್, ಇದರ ಡಿಸ್‌ಪ್ಲೇ ಕೆಟ್ಟೈತೇನ್ರಿ?’ ಎಂದು ಕೇಳಿದ. ಡಿಸ್‌ಪ್ಲೇ ಇಲ್ಲವೇ ಇಲ್ಲ, ಮನೆಗೆ ಹೋಗಿ ರೋಲು ತೊಳೆದ ಮೇಲೆಯೇ ಗೊತ್ತಾಗುವುದು ಎಂದಾಗ, ಅವನ ಮುಖದಲ್ಲಿ ಮೂಡಿದ್ದು ಮೆಚ್ಚುಗೆಯಲ್ಲ, ನೇರವಾದ ಕನಿಕರ.

ಎರಡನೆಯ ದಿನ: ಮತಂಗ ಮತ್ತು ತಲೆಕೆಳಗಾದ ಗೋಪುರ

ಬೆಳಗಿನ ಐದು ಗಂಟೆಗೆ ಆಟೋದವನು ಬಂದ. ಇಪ್ಪತ್ತಾರರ ಪ್ರಾಯದ, ಕಡ್ಡಿರಾಂಪುರದ ಹುಡುಗ. ಮುಂದಿನ ಮೂರು ದಿನವೂ ಅವನೇ ನಮ್ಮ ಸಾರಥಿ. ಮತಂಗ ಪರ್ವತವನ್ನು ಕತ್ತಲಲ್ಲಿ ಒಬ್ಬರೇ ಹತ್ತಬಾರದೆಂದು ತಾನೂ ಟಾರ್ಚ್ ಹಿಡಿದು ಜೊತೆಗೆ ಬಂದ. ಮೆಟ್ಟಿಲುಗಳು ಕೆಲವು ಕಡೆ ಬಂಡೆಯಲ್ಲೇ ಕಡಿದ ಹೆಜ್ಜೆಗುರುತುಗಳಷ್ಟೇ ಆಗಿರುವುದರಿಂದ, ಎರಡೂ ಕೈ ಖಾಲಿ ಇರುವಂತೆ ಕ್ಯಾಮೆರಾವನ್ನು ಬೆನ್ನಿಗೆ ಕಟ್ಟಿಕೊಳ್ಳುವುದು ಒಳ್ಳೆಯದು. ಶ್ರೀಮತಿ ಅರ್ಧದಲ್ಲಿ ಒಂದು ಬಂಡೆ ನೋಡಿ ಕುಳಿತು, ‘ನೀವು ಹೋಗಿ ಬನ್ನಿ ರೀ, ಸೂರ್ಯ ಇಲ್ಲಿಗೂ ಬರುತ್ತಾನೆ’ ಎಂದಳು.

ಮೇಲೆ, ವೀರಭದ್ರ ಗುಡಿಯ ಮಾಳಿಗೆಯ ಅಂಚಿನಲ್ಲಿ ನಿಂತರೆ ಕೆಳಗೆ ಅಚ್ಯುತರಾಯನ ಗುಡಿ, ಅದರ ಮುಂದಿನ ಉದ್ದನೆಯ ಬಜಾರು, ಆಚೆಗೆ ತುಂಗಭದ್ರೆ. ಮಂಜು ಬಾಳೆತೋಟಗಳ ಮೇಲೆ ನಿಂತಿತ್ತು; ಸೂರ್ಯ ಮೂಡಿದ ಮೇಲೆ ಅದು ಹೊಳೆಯ ಕಡೆಗೆ ಸರಿಯುತ್ತ ಗುಡಿಯ ಪ್ರಾಕಾರವನ್ನು ಒಂದೊಂದೇ ಗೋಡೆಯಾಗಿ ಬಿಟ್ಟುಕೊಟ್ಟಿತು. ಅಂಥ ಬೆಳಗು ನನಗೆ ನಲವತ್ತು ವರ್ಷಗಳಲ್ಲಿ ಐದಾರು ಬಾರಿ ಸಿಕ್ಕಿರಬಹುದು. ಆ ಭರದಲ್ಲಿ ತೆಗೆಯುತ್ತ ಹೋದವನು ಎಣಿಕೆಯ ಮುಳ್ಳು ಮೂವತ್ತೇಳನ್ನು ದಾಟಿದಾಗ ಸಂತೋಷಪಟ್ಟೆ; ಮೂವತ್ತೊಂಬತ್ತಕ್ಕೆ ಬಂದಾಗ ಎದೆ ಧಸಕ್ಕೆಂದಿತು. ಮೂವತ್ತಾರರ ರೋಲಿನಲ್ಲಿ ಮೂವತ್ತೊಂಬತ್ತನೆಯ ಫೋಟೋ ಇರುವುದಿಲ್ಲ. ಸುತ್ತುವ ಗುಂಡಿಯನ್ನು ತಿರುಗಿಸಿದೆ. ಅದಕ್ಕೆ ಯಾವ ಬಿಗಿಯೂ ಇರಲಿಲ್ಲ. ಹಿಂದಿನ ದಿನ ಅವಸರದಲ್ಲಿ ರೋಲು ಹಾಕುವಾಗ ಫಿಲ್ಮಿನ ತುದಿ ಸುರುಳಿಯ ಸೀಳಿಗೆ ಸಿಕ್ಕಿಕೊಂಡೇ ಇರಲಿಲ್ಲ. ಹೇಮಕೂಟದ ಗೋಪುರ, ಮತಂಗದ ಮಂಜು ಯಾವುದೂ ಫಿಲ್ಮಿನ ಮೇಲೆ ಬಿದ್ದಿರಲಿಲ್ಲ. ಫಿಲ್ಮು ಡಬ್ಬಿಯೊಳಗೆ ಮದುವೆಯಾಗದ ಕನ್ಯೆಯಂತೆ ಕುಳಿತಿತ್ತು.

ರೋಲು ಹಾಕಿದ ಮೇಲೆ ಮುಂದೆ ಸುತ್ತುವಾಗ ಎಡಬದಿಯ ಗುಂಡಿಯೂ ತಿರುಗುತ್ತಿದೆಯೇ ಎಂದು ನೋಡಬೇಕೆಂಬುದು ಈ ಹವ್ಯಾಸದ ಮೊದಲ ಪಾಠ. ದಾವಣಗೆರೆಯ ಸ್ಟುಡಿಯೋ ಒಂದರಲ್ಲಿ, ಫಿಲ್ಮು ತೊಳೆಯುವ ಹೈಪೋ ರಾಸಾಯನಿಕದ ವಾಸನೆಯ ಕತ್ತಲೆಕೋಣೆಯ ಬಾಗಿಲಲ್ಲಿ ರಜೆಯ ದಿನಗಳನ್ನು ಕಳೆಯುತ್ತಿದ್ದಾಗ ಅದನ್ನು ಕಲಿತಿದ್ದೆ. ನೂರಾರು ಹುಡುಗರಿಗೆ ಕಲಿಸಿಯೂ ಇದ್ದೆ. ಕೆಳಗಿಳಿದು ಹೇಳಿದಾಗ ಶ್ರೀಮತಿ ನಗಲಿಲ್ಲ. ಬುತ್ತಿಯಿಂದ ಚಕ್ಕುಲಿ ತೆಗೆದುಕೊಟ್ಟಳು. ಅದು ನಗುವುದಕ್ಕಿಂತ ಹೆಚ್ಚು.

ಅದೇ ರೋಲನ್ನು ಈ ಬಾರಿ ಎರಡೆರಡು ಸಲ ಪರೀಕ್ಷಿಸಿ ಹಾಕಿಕೊಂಡು ವಿರೂಪಾಕ್ಷ ದೇವಾಲಯಕ್ಕೆ ಹೋದೆವು. ಹೊಳೆಯಲ್ಲಿ ಮಿಂದು ಬಂದಿದ್ದ ದೇವಾಲಯದ ಆನೆ ಲಕ್ಷ್ಮಿಯ ಮುಂದೆ ಮಕ್ಕಳ ಸಾಲು. ನಾನು ಹೋದದ್ದು ಗರ್ಭಗುಡಿಯ ಹಿಂಭಾಗಕ್ಕೆ, ಕೆಲವು ಮೆಟ್ಟಿಲು ಹತ್ತಿದರೆ ಸಿಗುವ ಕತ್ತಲೆಯ ಕೋಣೆಗೆ. ಅಲ್ಲಿನ ಗೋಡೆಯ ಸಣ್ಣ ಕಿಂಡಿಯಿಂದ ಬರುವ ಬೆಳಕು, ಹೊರಗೆ ಸುಮಾರು ಐವತ್ತು ಮೀಟರ್ ಎತ್ತರಕ್ಕೆ ನಿಂತಿರುವ ರಾಜಗೋಪುರವನ್ನು ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಬಿಡಿಸುತ್ತದೆ. 1979ರಲ್ಲಿ ಇದನ್ನು ಪವಾಡವೆಂದು ತೋರಿಸಿದರು. ನಾನೂ ಹಾಗೆಯೇ ನೋಡಿದೆ. ಬೆಳಕು ನೇರ ರೇಖೆಯಲ್ಲಿ ಚಲಿಸುವುದರಿಂದ ಗೋಪುರದ ತುದಿಯ ಬೆಳಕು ಕಿಂಡಿಯನ್ನು ದಾಟಿ ಕೆಳಕ್ಕೂ, ಬುಡದ ಬೆಳಕು ಮೇಲಕ್ಕೂ ಬೀಳುತ್ತದೆ ಎಂದು ಆಮೇಲೆ ಮೂರು ದಶಕ ಹಲಗೆಯ ಮೇಲೆ ಬರೆದೆ. ಇಷ್ಟಾದರೂ ಆ ಕತ್ತಲಲ್ಲಿ ಕಣ್ಣು ಹೊಂದಿಕೊಂಡು, ಗೋಡೆಯ ಮೇಲೆ ಗೋಪುರ ಮೆಲ್ಲನೆ ಮೂಡುವಾಗ ನನಗೆ ಬೆನ್ನುಹುರಿ ಜುಮ್ಮೆಂದದ್ದು ಪಾಠದಿಂದಲ್ಲ.

ನಾನು ಬಿಳಿಯ ಟವೆಲನ್ನು ಕಿಂಡಿಯ ಹತ್ತಿರ ಹಿಡಿದು ಹಿಂದಕ್ಕೆ ಸರಿಯುತ್ತ ಹೋದೆ. ಕಿಂಡಿಗೆ ಸಮೀಪದಲ್ಲಿ ಗೋಪುರ ಅಂಗೈಯಷ್ಟು, ಪ್ರಖರ. ದೂರ ಹೋದಂತೆ ದೊಡ್ಡದು, ಮಂಕು. ನೋಡುತ್ತಿದ್ದ ರಾಯಚೂರಿನ ಕುಟುಂಬದ ಹುಡುಗಿಯೊಬ್ಬಳು, ‘ಅಜ್ಜಾರ, ಎಡ ಬಲನೂ ಅದಲು ಬದಲು ಆಗೈತಲ್ರಿ’ ಎಂದಳು. ಮೂವತ್ತೊಂದು ವರ್ಷಗಳಲ್ಲಿ ನಾನು ಕೇಳದೆ ಅದನ್ನು ಹೇಳಿದ ಮಕ್ಕಳು ಬೆರಳೆಣಿಕೆಯಷ್ಟು. ಬೆಳಿಗ್ಗೆ ಗೋಪುರದ ಹಿಂದಿನ ಆಕಾಶ ಹೊಳೆಯುವುದರಿಂದ ಅದು ಕಪ್ಪು ನೆರಳಾಗಿ ಕಾಣುತ್ತದೆ. ಮಧ್ಯಾಹ್ನದ ಮೇಲೆ ನಮ್ಮ ಕಡೆಯ ಮುಖಕ್ಕೇ ಬಿಸಿಲು ಬೀಳುವುದರಿಂದ ಅಂತಸ್ತುಗಳು ಬಿಡಿಬಿಡಿಯಾಗಿ ಕಂಡವು. ಊಟ ಮುಗಿಸಿ ಮತ್ತೆ ಬಂದು ನೋಡಿ ಖಚಿತಪಡಿಸಿಕೊಂಡೆ. ಆ ಕೋಣೆಯನ್ನು ನಿಜವಾಗಿ ನೋಡಬೇಕೆಂದರೆ ಎರಡು ಹೊತ್ತೂ ಹೋಗಬೇಕು.

ಮೂರನೆಯ ದಿನ: ರಥದ ಮೇಲಿದ್ದ ಗೋಪುರ

ವಿಠ್ಠಲ ದೇವಾಲಯಕ್ಕೆ ವಾಹನ ನಿಲ್ಲಿಸುವ ಜಾಗದಿಂದ ಬ್ಯಾಟರಿ ಗಾಡಿಯಲ್ಲಿ ಹೋಗಬೇಕು. ಓಡಿಸುವವರು ಸ್ಥಳೀಯ ಹೆಣ್ಣುಮಕ್ಕಳು. ರಜೆಯ ದಿನ ಸರತಿ ಉದ್ದವಿರುತ್ತದೆ, ನಡೆಯಬಲ್ಲವರು ಹಳೆಯ ಬಜಾರಿನುದ್ದಕ್ಕೆ ನಡೆದೇ ಹೋಗುವುದು ಮೇಲು. ಸ್ಟ್ಯಾಂಡ್ ಬಳಸಲು ಮುಂಚಿತ ಅನುಮತಿ ಬೇಕಾದ್ದರಿಂದ ನಾನು ಅದನ್ನು ತರುವುದೇ ಇಲ್ಲ. ಮಡಿಚಿದ ಟವೆಲನ್ನು ಕಲ್ಲಿನ ಮೇಲಿಟ್ಟು ಕ್ಯಾಮೆರಾವನ್ನು ಅದರ ಮೇಲೆ ಒತ್ತಿಹಿಡಿದರೆ ಬಹುಪಾಲು ಕೆಲಸ ನಡೆಯುತ್ತದೆ.

ಕಲ್ಲಿನ ರಥದ ಸುತ್ತ ಈಗ ಬೇಲಿಯಿದೆ. ಬೇಲಿಯ ಹೊರಗೆ ಹತ್ತಾರು ಜನ ಐವತ್ತು ರೂಪಾಯಿಯ ನೋಟನ್ನು ಎತ್ತಿ ಹಿಡಿದು, ನೋಟಿನ ರಥವನ್ನು ನಿಜವಾದ ರಥಕ್ಕೆ ಹೊಂದಿಸಿ ಫೋಟೋ ತೆಗೆಯುತ್ತಿದ್ದರು. ನಾನು ಗ್ರೀನ್‌ಲಾ ಅವರ ಪ್ರತಿಯನ್ನು ಹೊರತೆಗೆದೆ. ಅದರಲ್ಲಿನ ರಥ ಬೇರೆಯದೇ ಆಗಿ ಕಾಣುತ್ತದೆ, ಏಕೆಂದರೆ 1856ರಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದು ಇನ್ನೂ ಇತ್ತು. ಆಮೇಲೆ ಅದು ಇಲ್ಲವಾಗಿ, ಈಗ ನಾವೆಲ್ಲ ‘ಹಂಪಿಯ ರಥ’ ಎಂದು ಗುರುತಿಸುವ, ನೋಟಿನ ಮೇಲೂ ಅಚ್ಚಾಗಿರುವ ಚಪ್ಪಟೆ ನೆತ್ತಿಯ ರೂಪ ಉಳಿಯಿತು. ನೋಟು ಹಿಡಿದಿದ್ದ ಒಬ್ಬರಿಗೆ ಪ್ರತಿ ತೋರಿಸಿದೆ. ‘ಇದು ಯಾವ ಊರಿನ ರಥ ಸರ್?’ ಎಂದು ಕೇಳಿದರು.

ಗ್ರೀನ್‌ಲಾ ಬಳಸಿದ್ದು ಗಾಜಲ್ಲ, ಕಾಗದ. ಮೇಣ ಕುಡಿಸಿದ ಕಾಗದವನ್ನು ಬೆಳ್ಳಿಯ ಲವಣದಿಂದ ಸಂವೇದಿಯಾಗಿಸಿ ನೆಗೆಟಿವ್ ಮಾಡುವ ಆ ಕ್ರಮದಲ್ಲಿ ಕಾಗದವನ್ನು ಮೊದಲೇ ಸಿದ್ಧಪಡಿಸಿ ಕೆಲವು ದಿನ ಇಟ್ಟುಕೊಳ್ಳಬಹುದಾಗಿತ್ತು. ನಮ್ಮಂಥ ಸೆಕೆಯ ನಾಡಿನಲ್ಲಿ ಡೇರೆಯೊಳಗೆ ಗಾಜಿಗೆ ದ್ರಾವಣ ಬಳಿದು, ಅದು ಒಣಗುವ ಮೊದಲೇ ತೆಗೆದು ಮುಗಿಸುವ ತಾಪತ್ರಯ ಇರಲಿಲ್ಲ. ಆಗ ದೊಡ್ಡ ಪ್ರತಿ ಬೇಕೆಂದರೆ ಅಷ್ಟೇ ದೊಡ್ಡ ನೆಗೆಟಿವ್ ಬೇಕು, ಅದಕ್ಕೆ ತಕ್ಕ ದೊಡ್ಡ ಪೆಟ್ಟಿಗೆಯ ಕ್ಯಾಮೆರಾ ಬೇಕು. ಇಂಥದ್ದನ್ನು ಈ ಬಂಡೆಗಳ ನಡುವೆ ಹೊರಿಸಿಕೊಂಡು ಅರವತ್ತಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದರು. ಹೊತ್ತವರ ಚಿತ್ರವಂತೂ ಅವುಗಳಲ್ಲಿ ನನಗೆ ಸಿಕ್ಕಿಲ್ಲ. ಆ ಕಾಗದಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಾಗಿದ್ದರಿಂದ ಅಲುಗಾಡುವ ಮನುಷ್ಯ ಅದರ ಮೇಲೆ ಉಳಿಯುತ್ತಲೇ ಇರಲಿಲ್ಲ. ನೀಲಿಗೆ ಮಾತ್ರ ಅದು ಚುರುಕಾಗಿ ಸ್ಪಂದಿಸುತ್ತಿದ್ದರಿಂದ ಆಕಾಶ ಯಾವಾಗಲೂ ಬರಿಯ ಬಿಳುಪು. ಆದ್ದರಿಂದಲೇ ಆ ಚಿತ್ರಗಳಲ್ಲಿ ಹಂಪಿ ಯಾರೂ ಇಲ್ಲದ, ಮೋಡವೂ ಇಲ್ಲದ ಊರು.

ಆ ನೆಗೆಟಿವ್‌ಗಳು 1980ರ ಹೊತ್ತಿಗೆ ಮತ್ತೆ ಬೆಳಕಿಗೆ ಬಂದ ಮೇಲೆ, ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕರು 1983ರಲ್ಲಿ ಹಂಪಿಗೆ ಬಂದು ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ಮತ್ತೆ ಚಿತ್ರ ತೆಗೆದರು. ಅದು ಎಂಥ ಕೆಲಸವೆಂದು ನನಗೆ ಅಂದು ಮಧ್ಯಾಹ್ನ ಅರ್ಥವಾಯಿತು. ಚಿತ್ರದಲ್ಲಿ ರಥದ ಅಂಚು ಹಿಂದಿನ ಕಟ್ಟಡದ ಯಾವ ಭಾಗವನ್ನು ಮುಟ್ಟುತ್ತದೆ ಎಂದು ಮೊದಲು ನೋಡಬೇಕು. ಒಂದು ಹೆಜ್ಜೆ ಎಡಕ್ಕೆ ಸರಿದರೆ ಹತ್ತಿರದ ಕಲ್ಲು ಬಲಕ್ಕೆ ಜಾರುತ್ತದೆ, ದೂರದ ಕಲ್ಲು ಅಲುಗುವುದಿಲ್ಲ. ಒಂದು ಗೆರೆ ಹೊಂದಿತೆನ್ನುವಷ್ಟರಲ್ಲಿ ಇನ್ನೊಂದು ತಪ್ಪುತ್ತದೆ. ಮುಂದೆ ಹೋದರೆ ಹತ್ತಿರದ್ದು ಉಬ್ಬುತ್ತದೆ, ಮೊಣಕಾಲು ಬಗ್ಗಿಸಿದರೆ ಇಡೀ ಲೆಕ್ಕವೇ ಬದಲಾಗುತ್ತದೆ. ಲೆನ್ಸು ಯಾವುದಾದರೂ ಇರಲಿ, ಈ ಸಂಬಂಧಗಳನ್ನು ತೀರ್ಮಾನಿಸುವುದು ಕಾಲಿಟ್ಟ ಜಾಗ ಮಾತ್ರ. ಮೂರು ಗಂಟೆಯಿಂದ ನಾಲ್ಕೂವರೆಯವರೆಗೆ ನಾನು ಆ ಅಂಗಳದಲ್ಲಿ ಹಿಂದೆ ಮುಂದೆ ಓಡಾಡಿದ್ದನ್ನು ನೋಡಿದ ಕಾವಲುಗಾರರು ಹತ್ತಿರ ಬಂದು, ‘ಏನಾದ್ರೂ ಕಳ್ಕೊಂಡೀರೇನ್ರಿ ಸರ?’ ಎಂದು ವಿಚಾರಿಸಿದರು. ಕಾರಣ ಹೇಳಿದ ಮೇಲೆ ಅವರೂ ಪ್ರತಿಯನ್ನು ಹಿಡಿದು, ‘ಇನ್ನೊಂದೀಟು ಈ ಕಡಿಗೆ ಬರ್ರಿ’ ಎಂದು ದಾರಿ ತೋರಿಸತೊಡಗಿದರು. ಕೊನೆಗೆ ಬೇಲಿ ಅಡ್ಡ ಬಂದು ಎರಡು ಹೆಜ್ಜೆಯಷ್ಟು ತಪ್ಪಿತೆಂದು ನನ್ನ ಅಂದಾಜು. ಹಳದಿ ಫಿಲ್ಟರ್ ಹಾಕಿ, ನೀಲಿ ಆಕಾಶವನ್ನು ಸ್ವಲ್ಪ ಕಪ್ಪಾಗಿಸಿ ಆರು ಫೋಟೋ ತೆಗೆದೆ.

ಹಿಂದಿರುಗುವಾಗ ಆಟೋದ ಹುಡುಗ ಕಡ್ಡಿರಾಂಪುರದ ಒಂದು ಚಹದಂಗಡಿಯ ಮುಂದೆ ನಿಲ್ಲಿಸಿದ. ಅಂಗಡಿಯ ಒಡತಿ ಅರವತ್ತೈದರ ಆಸುಪಾಸಿನ ಹೆಂಗಸು, ಅವನಿಗೆ ಸಂಬಂಧದಲ್ಲಿ ದೊಡ್ಡಮ್ಮ. ಮಾತಿಗೆ ಮಾತು ಬೆಳೆದು ನಾನು ಲಕೋಟೆ ತೆಗೆದೆ. 1994ರ ಫೋಟೋ ನನ್ನ ಹೆಮ್ಮೆಯದು. ಹಂಪಿ ಬಜಾರಿನ ಬೀದಿಯ ತುದಿಯಲ್ಲಿ ಗೋಪುರ ಒಂಟಿಯಾಗಿ ನಿಂತಿರುವ ಅದು ಜಿಲ್ಲಾ ಮಟ್ಟದ ಸ್ಪರ್ಧೆಯೊಂದರಲ್ಲಿ ಬಹುಮಾನವನ್ನೂ ಪಡೆದಿತ್ತು. ಆಕೆ ಅದನ್ನು ಬಹಳ ಹೊತ್ತು ನೋಡಿ, ಬಲ ಅಂಚಿನಲ್ಲಿ ಇಣುಕುತ್ತಿದ್ದ ತಾಡಪಾಲಿನ ಒಂದು ಮೂಲೆಯ ಮೇಲೆ ಬೆರಳಿಟ್ಟರು.

‘ಈ ತಾಡಪಾಲು ನಮ್ದು. ಇಲ್ಲಿಂದ ನಮ್ಮ ಅಂಗಡಿ ಶುರು ಆಗ್ತಿತ್ತು. ಅಷ್ಟರಾಗ ನಿಮ್ಮ ಫೋಟೋನೇ ಮುಗದೈತಿ ನೋಡ್ರಿ.’

ಬಜಾರಿನ ಸಾಲುಮಂಟಪಗಳಲ್ಲಿ ಆಗ ಅಂಗಡಿಗಳೂ ಮನೆಗಳೂ ಇದ್ದವು. 2011ರಲ್ಲಿ ಅವನ್ನು ತೆರವುಗೊಳಿಸಲಾಯಿತು. ಅಲ್ಲಿದ್ದವರಿಗೆ ಈ ಕಡ್ಡಿರಾಂಪುರದಲ್ಲಿ ನಿವೇಶನ ಕೊಟ್ಟರು. ಆಕೆ ಮದುವೆಯಾಗಿ ಬಂದದ್ದು ಮಂಟಪದ ಮನೆಗೆ, ಮಕ್ಕಳನ್ನು ಹೆತ್ತದ್ದು ಅಲ್ಲಿ. ಆ ಮನೆಯ ಒಂದು ಫೋಟೋವೂ ಅವರ ಹತ್ತಿರ ಇಲ್ಲವಂತೆ. ‘ದಿನಾ ಸಾವಿರ ಮಂದಿ ಫೋಟೋ ತೆಗೀತಿದ್ರು. ಯಾರದರಾಗಾದ್ರೂ ಇರಬೇಕು’ ಎಂದರು.

ನಾನು ಅಂದು ಏನು ಮಾಡಿದ್ದೆನೆಂದು ನನಗೆ ಚೆನ್ನಾಗಿ ನೆನಪಿದೆ. ಆ ತಾಡಪಾಲುಗಳು, ಒಣಹಾಕಿದ ಬಟ್ಟೆಗಳು, ತಂಪು ಪಾನೀಯದ ಹಲಗೆಗಳು ಚಿತ್ರವನ್ನು ಕೆಡಿಸುತ್ತವೆಂದು ದೂರದ್ದನ್ನು ಹತ್ತಿರ ತರುವ 135 ಮಿಲಿಮೀಟರ್ ಲೆನ್ಸ್ ಹಾಕಿ, ಎರಡೂ ಸಾಲುಗಳನ್ನು ಹೊರಗಿಟ್ಟು, ಬೀದಿ ಖಾಲಿಯಾಗಲೆಂದು ಇಪ್ಪತ್ತು ನಿಮಿಷ ಕಾದಿದ್ದೆ. ಗ್ರೀನ್‌ಲಾ ಅವರ ಕಾಗದಕ್ಕೆ ಮನುಷ್ಯರನ್ನು ಹಿಡಿಯುವ ಶಕ್ತಿ ಇರಲಿಲ್ಲ. ನನ್ನ ಕ್ಯಾಮೆರಾದಲ್ಲಿ ಸೆಕೆಂಡಿನ ನಾಲ್ಕು ಸಾವಿರದ ಒಂದು ಭಾಗದ ವೇಗವಿತ್ತು. ಇದನ್ನು ಆಕೆಗೆ ಹೇಳುವ ಧೈರ್ಯವಾಗದೆ ಎರಡನೆಯ ಚಹ ಕೇಳಿದೆ.

ಶ್ರೀಮತಿಯೇ ಕೇಳಿದಳು: ‘ನಾಳೆ ಬೆಳಿಗ್ಗೆ ನಮ್ಮ ಜೊತೆ ಬರ್ತೀರಾ ಅಮ್ಮಾ? ಆ ಜಾಗ ತೋರಿಸಿ, ಅಲ್ಲೇ ಒಂದು ತೆಗೀತಾರೆ.’

ನಾಲ್ಕನೆಯ ದಿನ: ನರಸಿಂಹ, ಬಜಾರು

ಬೆಳಿಗ್ಗೆ ಮೊದಲು ಲಕ್ಷ್ಮೀನರಸಿಂಹನ ಬಳಿ ನಿಂತೆವು. 1528ರಲ್ಲಿ ಕಡೆದ, ಆರೂಮುಕ್ಕಾಲು ಮೀಟರಿನಷ್ಟು ಎತ್ತರದ ಈ ಏಕಶಿಲಾ ಮೂರ್ತಿಯ ಮೊಣಕಾಲುಗಳನ್ನು ಸುತ್ತಿರುವ ಯೋಗಪಟ್ಟಿ ನನ್ನ 1979ರ ಫೋಟೋದಲ್ಲಿ ಇಲ್ಲ. 1980ರ ದಶಕದ ದುರಸ್ತಿಯಲ್ಲಿ ಅದು ಬಂತು. ಅಂದು ಹನ್ನೆರಡೇ ಫೋಟೋಗಳ ರೋಲಿನಲ್ಲಿ ಒಂದನ್ನು ಇದಕ್ಕಾಗಿ ಖರ್ಚು ಮಾಡಿದ್ದಕ್ಕೆ ಗೆಳೆಯರು ಬೈದಿದ್ದರು, ಅವರೆಲ್ಲರ ತಲೆಗಳನ್ನು ರಥದ ಮುಂದೆ ಕತ್ತರಿಸಿದ್ದು ಮಾತ್ರ ರೋಲು ತೊಳೆದ ಮೇಲೆ ತಿಳಿಯಿತು.

ಬಜಾರಿನಲ್ಲಿ ಆಕೆ ನಮಗಿಂತ ಮುಂದೆ ನಡೆದರು. ಇಳಕಲ್ ಸೀರೆ ಉಟ್ಟು, ತಲೆಗೆ ಹೂ ಮುಡಿದು ಬಂದಿದ್ದರು. ಈಗ ಖಾಲಿಯಾಗಿರುವ ಕಂಬಸಾಲಿನಲ್ಲಿ ನನ್ನ ಕಣ್ಣಿಗೆ ಎಲ್ಲ ಅಂಕಣಗಳೂ ಒಂದೇ. ಆಕೆ ಎಣಿಸಲೂ ಇಲ್ಲ, ನೇರ ಹೋಗಿ ಒಂದು ಕಂಬದ ಮುಂದೆ ನಿಂತು, ‘ಇಲ್ಲಿ ನೋಡ್ರಿ, ನೀಲಿ’ ಎಂದರು. ಕಲ್ಲಿನ ಮೂಲೆಯಲ್ಲಿ, ಕೆತ್ತನೆಯ ಸಂದಿನಲ್ಲಿ, ಗೋಡೆಗೆ ಬಳಿದಿದ್ದ ನೀಲಿ ಸುಣ್ಣದ ಅಂಗೈ ಅಗಲದ ಕಲೆಯೊಂದು ಉಳಿದಿತ್ತು. ಹಬ್ಬಕ್ಕೊಮ್ಮೆ ತಾವೇ ಬಳಿಯುತ್ತಿದ್ದರಂತೆ. ಒಲೆ ಎಲ್ಲಿತ್ತು, ತೊಟ್ಟಿಲು ಎಲ್ಲಿತ್ತು, ವಿದೇಶಿ ಹುಡುಗರು ಕುಳಿತು ದೋಸೆ ತಿನ್ನುತ್ತಿದ್ದ ಕಟ್ಟೆ ಯಾವುದು ಎಂದು ಒಂದೊಂದನ್ನೇ ಶ್ರೀಮತಿಗೆ ತೋರಿಸಿದರು. ಮೂರನೆಯ ರೋಲಿನಲ್ಲಿ ಒಂಬತ್ತು ಉಳಿದಿದ್ದವು. ಒಂಬತ್ತನ್ನೂ ಅಲ್ಲಿಯೇ ಮುಗಿಸಿದೆ. ಕೊನೆಯದರಲ್ಲಿ ಆಕೆ ಕಂಬಕ್ಕೆ ಕೈಯಿಟ್ಟು, ಕಲೆ ಕಾಣುವಂತೆ ಬೇಕೆಂದೇ ಸ್ವಲ್ಪ ಪಕ್ಕಕ್ಕೆ ಸರಿದು ನಿಂತರು.

ಮಧ್ಯಾಹ್ನ ಅವರ ಮನೆಯಲ್ಲೇ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಸಂಜೆಯ ಬಸ್ಸಿಗೆ ದಾವಣಗೆರೆ.

ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿ ಮೂರು ರೋಲುಗಳನ್ನು ತೊಳೆದೆ. ಈ ಬಾರಿ ಎಲ್ಲವೂ ಬಂದಿದ್ದವು. ಬಜಾರಿನ ಕೊನೆಯ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ರಟ್ಟಿನ ನಡುವೆ ಇಟ್ಟು ಅಂಚೆಗೆ ಹಾಕಿದೆ. ಮುಖದ ಒಂದೊಂದು ಸುಕ್ಕೂ, ಸೀರೆಯ ಸೆರಗಿನ ಗೆರೆಗಳೂ ಎದ್ದು ಕಾಣುತ್ತಿದ್ದವು. ಇಷ್ಟು ವರ್ಷಗಳಲ್ಲಿ ಇಂಥ ಪ್ರಿಂಟು ಕೈಗೆ ಬಂದದ್ದು ಅಪರೂಪವೆಂದು ನಾನೇ ಬೀಗಿದ್ದೆ. ವಾರದ ಮೇಲೆ ಆಟೋದ ಹುಡುಗ ಫೋನು ಮಾಡಿ ದೊಡ್ಡಮ್ಮನಿಗೆ ಕೊಟ್ಟ. ಫೋಟೋ ಬಹಳ ಚಂದ ಬಂದಿದೆಯೆಂದು ಎರಡು ಸಲ ಹೇಳಿ, ತಡೆದು, ‘ಸರ, ನೀಲಿ ಎಲ್ಲಿ ಹೋತ್ರಿ?’ ಎಂದರು.

ನೆಗೆಟಿವ್ ತೆಗೆದು ಬೆಳಕಿಗೆ ಹಿಡಿದೆ. ವಿಠ್ಠಲ ದೇವಾಲಯದಲ್ಲಿ ಹಾಕಿದ ಹಳದಿ ಫಿಲ್ಟರನ್ನು ನಾನು ತೆಗೆದೇ ಇರಲಿಲ್ಲ. ಆಕಾಶವನ್ನು ಕಪ್ಪಾಗಿಸಿದ ಅದೇ ಗಾಜು ಆ ಕಲೆಯನ್ನೂ ಕಪ್ಪಾಗಿಸಿ ಕಲ್ಲಿನ ಬೂದುಬಣ್ಣದೊಳಗೆ ಕರಗಿಸಿತ್ತು. ಗ್ರೀನ್‌ಲಾ ಅವರ ಕಾಗದವಾಗಿದ್ದರೆ ಅದು ಬೆಳ್ಳಗೆ ಎದ್ದು ಕಾಣುತ್ತಿತ್ತು. ಇದನ್ನೆಲ್ಲ ನಾನು ಫೋನಿನಲ್ಲಿ ವಿವರಿಸುತ್ತಿದ್ದಾಗ ಶ್ರೀಮತಿ ತನ್ನ ಮೊಬೈಲಿನಲ್ಲಿ ಅಂದು ತೆಗೆದ ಬಣ್ಣದ ಫೋಟೋವೊಂದನ್ನು ಹುಡುಕಿ ಆಟೋದ ಹುಡುಗನಿಗೆ ಕಳುಹಿಸಿದಳು. ಅದರಲ್ಲಿ ನೀಲಿ ಇದೆ, ಆಕೆಯ ನಗುವೂ ಇದೆ. ಎಡ ಮೂಲೆಯಲ್ಲಿ ಕ್ಯಾಮೆರಾಕ್ಕೆ ಕಣ್ಣು ಹಚ್ಚಿ, ಮೊಣಕಾಲು ಬಗ್ಗಿಸಿ ನಿಂತ ನನ್ನ ಅರ್ಧ ಬೆನ್ನೂ ಇದೆ.